ಹೊರಗಿನವ

ಮಣಿಪಾಲದ ಡಾಕ್ಟ್ರು ಬಿಸಿಲು ಬೇಡ ಅಂದರು, ಉಪ್ಪೂ ಬೇಡ.
ಮಲ್ಪೆಯಲ್ಲಿ ಒಣಮೀನು ಮಾಡುವವಳಿಗೆ
ಅವೆರಡು ಬಿಟ್ಟು ಬೇರೇನುಂಟು?
ವಾರಿಜಕ್ಕ ನಕ್ಕೇಬಿಟ್ಟಳು. ನಾನೂ.

ಮೊದಲು ಬಂದದ್ದು ಮೂಗಿನ ಎರಡೂ ಬದಿಗೆ ಕೆಂಪು.
ಬಿಸಿಲಿನದ್ದೇ, ಅಂದೆವು.
ಆಮೇಲೆ ಬೆರಳ ಗಂಟು ನೋವು. ಮಂಜುಗಡ್ಡೆಯದ್ದೇ.
ಆಮೇಲೆ ಸಂಜೆಯಾದರೆ ಕಾಲುಂಗುರ ಬಿಗಿ,
ಬೆಳಗ್ಗೆ ಮೂತ್ರದಲ್ಲಿ ನೊರೆ,
ಅಳಿವೆಯಲ್ಲಿ ನಿಲ್ಲುತ್ತದಲ್ಲ, ಆ ಥರ, ಒಡೆಯದ ನೊರೆ.

ಬೆನ್ನಿಗೆ ಸೂಜಿ ಹಾಕಿ ಮೂತ್ರಪಿಂಡದ ಎಳೆಯೊಂದನ್ನು ತೆಗೆದರು,
ಶ್ಯಾವಿಗೆಯ ತುಂಡಿನಷ್ಟು.
ಒಳಗೆ ಬಲೆಗಳುಂಟು, ಅಂದರು, ನೆತ್ತರು ಸೋಸುವ ಉಂಡೆ ಬಲೆ.
ಕಣ್ಣು ಹರಿದಿದೆ.
ಯಾರು ಹರಿದದ್ದು?
ನಿಮ್ಮವರೇ.

ಸತ್ತ ಜೀವಕಣದ ಚೂರು ಎಲ್ಲರ ಮೈಯಲ್ಲೂ ತೇಲುತ್ತದಂತೆ,
ಗುಡಿಸುವವು ಗುಡಿಸುತ್ತವಂತೆ.
ನನ್ನಲ್ಲಿ ಉಳಿಯಿತು. ಕಾವಲಿನ ಕಣವೊಂದು ಕಂಡು
ಹೊರಗಿನವ, ಅಂದಿತು. ಪಕ್ಕದ್ದು ಜೋರಾಗಿ ಅಂದಿತು.
ತಾನು ಹೇಳಿದ್ದೇ ತಿರುಗಿ ಬಂದಾಗ
ಮೊದಲನೆಯದು ಪೂರಾ ನಂಬಿತು.

ಡಾಕ್ಟ್ರು ಕಾಗದದಲ್ಲಿ ಬಾಣ ಎಳೆಯುತ್ತಿದ್ದರು.
ನನಗೆ ಶೀನಣ್ಣನ ವೈರ್‌ಲೆಸ್ಸು ಕೇಳಿಸಿತು.

ಆ ವರ್ಷ ಅಷ್ಟಮಿ ಕಳೆದ ವಾರ, ಹದಿನೆಂಟು ಮಾರು ನೀರಿನಲ್ಲಿ,
ದೀಪವಿಲ್ಲದ ಬೋಟು, ಹೊರಗಿನವರದು, ಅಂದ ಒಬ್ಬ.
ಅರ್ಧ ಗಂಟೆಯಲ್ಲಿ ಹನ್ನೊಂದು ಬೋಟು ಅಂದವು ಸೆಟ್ಟುಗಳು.
ನಲ್ವತ್ತು ಜನ ಬೋಟು ತಿರುಗಿಸಿದರು.
ಕಲ್ಲು, ಸೀಸದ ಗುಂಡು, ಬಲೆಗೆ ಬಲೆ ಸಿಕ್ಕಿ
ಹಗ್ಗ ಫ್ಯಾನಿಗೆ ಸುತ್ತಿ...
ಬೆಳಗಾಗಿ ನೋಡಿದರೆ ನಮ್ಮದೇ,
ಹಿಂದಿನ ಮಳೆಗಾಲ ಒಡೆದ ದೋಣಿಯ ಅರ್ಧ.
ಪಾಚಿಯ ಕೆಳಗೆ ಅಪ್ಪ ಬರೆಸಿದ ಹೆಸರು.

ಆ ಬಲೆಗಳನ್ನು ಕಟ್ಟಲಿಕ್ಕೆ
ನಾವು ಹೆಂಗಸರು ಹದಿನೇಳು ದಿನ ಕೂತೆವು.

ಇದನ್ನು ಕಟ್ಟಲಿಕ್ಕಾಗುವುದಿಲ್ಲ, ಅಂದರು ಡಾಕ್ಟ್ರು.
ಉಳಿದದ್ದನ್ನು ಉಳಿಸಬಹುದು, ಸೆಟ್ಟಿನ ಸದ್ದು ತಗ್ಗಿಸಲಿಕ್ಕೆ ಮಾತ್ರೆ ಉಂಟು.
(ಸೆಟ್ಟು ಅಂದದ್ದು ನಾನು. ಅವರು ಬೇರೇನೋ ಅಂದರು.)

ತಗ್ಗಿದೆ ಈಗ. ನೊರೆ ಕಡಿಮೆ, ಮುಖ ಮಾತ್ರ
ಯಾರದೋ ಮುಖದ ಹಾಗೆ ಊದಿದೆ.
ತಗಡಿನ ಮಾಡಿನಡಿ ಕೂತು ಬುಟ್ಟಿಗಳ ಲೆಕ್ಕ ಬರೆಯುತ್ತೇನೆ.
ಸಪ್ಪೆ ಗಂಜಿ ನಾಲಗೆಗೆ ರೂಢಿಯಾಗಿದೆ, ಸುಳ್ಳು, ಆಗಿಲ್ಲ.

ನಿನ್ನೆಯಿಂದ ಸಣ್ಣ ಕೆಮ್ಮು.
ಸದ್ದು ತಗ್ಗಿಸಿದ ಸೆಟ್ಟು ಅಲ್ಲೆಲ್ಲೋ ಒಳಗೆ.
ನಿಜಕ್ಕೂ ಹೊರಗಿನವ ಬಂದಿದ್ದರೆ
ಯಾರು ಕೂಗಿದರೋ, ಯಾರಿಗೆ ಕೇಳಿತೋ.
ಹಣೆ ಮುಟ್ಟಿಕೊಳ್ಳುತ್ತೇನೆ. ಬಿಸಿ ಉಂಟು.
ಬಿಸಿಲಿನದ್ದೇ, ಅನ್ನೋಣವೆಂದರೆ
ಬಿಸಿಲಿಗೆ ಹೋಗದೆ ತಿಂಗಳು ಮೂರಾಯಿತು.