ಯಾವ ಹೊಸ ಕ್ಯಾಂಪ್?

ಫೋನೆತ್ತಿದರೆ ಮೊದಲು ಕೇಳಿಸುವುದು ಬೆಂಕಿಯಲ್ಲ,
ನಾಯಿಗಳು.
ಆಮೇಲೆ ಒಬ್ಬ ಗಂಡಸಿನ ಏದುಸಿರು:
"ಸರ, ಬಣವಿಗೆ ಬೆಂಕಿ ಹತ್ತೈತ್ರಿ, ಜಲ್ದಿ ಬರ್ರಿ."
ಅಷ್ಟಕ್ಕೇ ಇಟ್ಟುಬಿಡುತ್ತಾರೆ,
ಇಡೀ ಸಿಂಧನೂರು ತಾಲೂಕಿಗೆ ತಮ್ಮದೊಂದೇ ಬಣವೆ ಇದ್ದ ಹಾಗೆ.

ಮರಳಿ ಹಚ್ಚುತ್ತೇನೆ. ಎಲ್ಲಿ?
"ಹೊಸ ಕ್ಯಾಂಪ್."
ಯಾವ ಹೊಸ ಕ್ಯಾಂಪ್?
"ನಮ್ಮ ಹೊಸ ಕ್ಯಾಂಪ್ ರೀ!"

ಎರಡಿವೆ. ಕಾಲುವೆಯ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು,
ನಡುವೆ ಇಪ್ಪತ್ತಾರು ಕಿಲೋಮೀಟರು ಭತ್ತದ ಕೂಳೆ.
ನೀರಿನ ಸುದ್ದಿ ಕೇಳಿ ಗುಂಟೂರಿನ ಕಡೆಯಿಂದ
ಪಾತ್ರೆಪಡಗ ಹೊತ್ತು ಬಂದ ಅಜ್ಜಂದಿರು ಇಟ್ಟ ಹೆಸರು.
ಅವರಿಗೆ ಇಳಿದಲ್ಲೆಲ್ಲ ಹೊಸದೇ.

ಹೋದ ವರ್ಷ, ಯುಗಾದಿಗೆ ನಾಲ್ಕು ದಿನ ಇರುವಾಗ,
ನಮ್ಮ ಗಾಡಿ ಮೇಲಿನದಕ್ಕೆ ಹೋಯಿತು,
ನೂರಾ ಎಂಟು ಕೆಳಗಿನದಕ್ಕೆ.
ಬೆಂಕಿ ಇದ್ದದ್ದು ಮೇಲೆ.
ಎಮ್ಮೆಯ ಕಣ್ಣಿ ಬಿಚ್ಚಲು ಹೋದ ನಾಗರತ್ನಮ್ಮನಿಗೆ
ಮೊಣಕೈವರೆಗೆ ಸುಟ್ಟಿತ್ತು.
ಅಲ್ಲಿ ಆಂಬುಲೆನ್ಸಿನ ಕೆಂಪು ದೀಪ ತಿರುಗುತ್ತ
ಏನೂ ಆಗದವರನ್ನೆಲ್ಲ ಎಬ್ಬಿಸುತ್ತಿತ್ತು.
ಇಲ್ಲಿ ನಮ್ಮ ಹತ್ತಿರ ನೀರಿತ್ತು, ಬೇರೇನೂ ಇರಲಿಲ್ಲ.
ಪೈಪಿನ ಒತ್ತಡ ತಗ್ಗಿಸಿ ಕೊಡದಲ್ಲಿ ಹಿಡಿದು
ಸಣ್ಣ ಧಾರೆ ಬಿಟ್ಟೆ ಅವಳ ಕೈ ಮೇಲೆ,
ನಲವತ್ತು ನಿಮಿಷ.
ಎಮ್ಮೆ ಪಕ್ಕದಲ್ಲೇ ನಿಂತು ಮೆಲುಕು ಹಾಕುತ್ತಿತ್ತು.
ಕೊನೆಗೆ ಇಳಿದು ಬಂದ ಜರೀನಾ ಸಿಸ್ಟರು ಕೇಳಿದ್ದು ಒಂದೇ:
"ನೀರು ಹಾಕಿದ್ಯಾರು? ಚಲೋ ಆತು. ನಿಲ್ಲಿಸಬ್ಯಾಡ್ರಿ."

ಮರುದಿನ ಚಹಾದಂಗಡಿಯಲ್ಲಿ
ಆಂಬುಲೆನ್ಸ್ ಓಡಿಸುವ ಹುಸೇನಪ್ಪ ಕಪ್ಪು ಬಸಿಗೆ ಬಗ್ಗಿಸುತ್ತ ಅಂದ,
"ನಿಮ್ಮ ಹತ್ರ ನಕ್ಷೆ ಇಲ್ಲೇನು?"
ಅದೆ. ಅದರಾಗ ಕಾಲುವಿ ನೀಲಿ ಗೆರಿ.
ನೀರು ಬಂದ್ ಮಾಡಿದ ಎಪ್ರಿಲ್‌ನ್ಯಾಗೂ ನೀಲಿ.

ಅವತ್ತೇ ಕೊಂಡೆವು, ದಲಾಲಿ ಅಂಗಡಿಯವರು ಬರೆಯುವಂಥ
ಕೆಂಪು ಬಟ್ಟೆಯ ಉದ್ದ ಖಾತೆಪುಸ್ತಕ.
ಪುಟ ಏಳು, ನನ್ನ ಕೈ:
ಮೂರನೇ ಸೇತುವೆ ತುಂಬಿದ ಟ್ಯಾಂಕು ತಡೆಯದು.
ಖಾಲಿ ದಾಟಿ, ಆಚೆ ರೈಸ್‌ಮಿಲ್ಲಿನಲ್ಲಿ ತುಂಬಿಸು.
ವಾಚ್‌ಮನ್ ಮೌಲಪ್ಪನಿಗೆ ಕಿವಿ ಮಂದ, ತಗಡಿಗೆ ಕಲ್ಲು ಒಗೆ.
ಪುಟ ಹನ್ನೊಂದು, ಹುಸೇನಪ್ಪನದು, ಅಕ್ಷರ ಗಾಳಿಗೆ ಬಾಗಿದ ಜೋಳದ ಹಾಗೆ:
ತಾಂಡಾದ ಸೋಮ್ಲಿಬಾಯಿಗೆ ಬರುವ ಅಮಾವಾಸ್ಯೆಗೆ ದಿನ ತುಂಬುತ್ತವೆ.
ದಾರಿ ಶಾಲೆಯ ಹಿಂದಿನಿಂದ. ಮುಂದಿನಿಂದ ಹೋದರೆ ಚರಂಡಿ.
ಅದರ ಕೆಳಗೆ: ತಂತಿ ಜೋತುಬಿದ್ದಿದೆ,
ಲೈನ್‌ಮನ್ ಯಂಕೋಬನಿಗೆ ಮೂರು ಸಲ ಹೇಳಿದೆ.
'ಮೂರು' ಹೊಡೆದು ಯಾರೋ 'ಐದು' ಮಾಡಿದ್ದಾರೆ.

ತಪಾಸಣೆಗೆ ಬಂದ ಸಾಹೇಬರು ತಿರುವಿ ನೋಡಿದರು.
"ಇದು ಯಾವ ನಮೂನೆ?"
ಯಾವ ನಮೂನೆಯೂ ಅಲ್ಲ ಸರ್.
ಇನ್ನೂ ನಾಲ್ಕು ಹಾಳೆ ತಿರುವಿ, ಜೇಬಿನಿಂದ ಪೆನ್ನು ತೆಗೆದು,
ತಮ್ಮ ಹೆಂಡತಿಯ ತವರೂರಿನ ಬಾವಿ ಬರೆದರು:
ಮೋಟರ್ ಇದೆ, ಬೇಸಿಗೆಯಲ್ಲೂ ಬತ್ತದು.
ಸಹಿ ಮಾತ್ರ ಮಾಡಲಿಲ್ಲ.

ಈ ರಾತ್ರಿ ಎರಡೂ ಕಾಲಿಗೆ ಮತ್ತೆ ಫೋನು.
ನಾಯಿಗಳು. ಏದುಸಿರು. ಹೊಸ ಕ್ಯಾಂಪ್.
ಯಾವುದೆಂದು ಕೇಳುವುದಿಲ್ಲ ಈಗ ನಾನು.
ಮನಿ ಬಾಗಲಾಗ ನಿಂತ್ರ
ಸೇತುವಿ ಎಡಕ್ಕೋ, ಬಲಕ್ಕೋ?

"ಎಡಕ್ಕ... ಅಲ್ಲ, ತಡೀರಿ ಸರ,
ಬೆಂಕಿ ಕಡೆ ಮಕ ಮಾಡಿ ನಿಂತೀನಿ, ತಿರಗತೀನಿ."

ತಿರುಗುವ ಸಪ್ಪಳ ಕೇಳುತ್ತದೆ,
ಕಾಲಡಿ ಒಣಹುಲ್ಲು ಮುರಿಯುವುದು,
ಬೆನ್ನ ಹಿಂದಿನ ಚಟಪಟ.
ಇನ್ನೊಂದು ಕೈಯಲ್ಲಿ ಹುಸೇನಪ್ಪನ ನಂಬರು ಒತ್ತುತ್ತೇನೆ.

"ಬಲಕ್ಕ್ರಿ."

ಕೆಳಗಿನದು.