ಇಳಿಯುವ ಗಡಿಯಾರ

ಸಂಕ್ರಾಂತಿಯ ಎಳ್ಳು ಇನ್ನೂ ಡಬ್ಬಿಯಲ್ಲಿತ್ತು.
ಇವರು ಹೂವಿನ ಮಂಡಿಯಿಂದ ಬಂದು
ಚಪ್ಪಲಿ ಬಿಡುತ್ತಲೇ ಅಂದರು:
ಈ ಸಲ ಯುರೋಪು.
ದೀಪಾವಳಿಗೆ ಸೇವಂತಿಗೆ ದರ ಬಂದಿತ್ತು,
ಗುಲಾಬಿ ಮೋಸ ಮಾಡಿರಲಿಲ್ಲ,
ಮಗಳ ಹತ್ತನೇ ಕ್ಲಾಸು ಏಪ್ರಿಲ್ಲಿಗೆ ಮುಗಿಯುತ್ತೆ,
ಆಮೇಲೆ ಪಿಯುಸಿ, ಆಮೇಲೆ ಅವಳು ಎಲ್ಲೋ.
ಇದೊಂದೇ ಸಂದು.

ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ.
ಸಿಡಿಯಿತು.
ಅದನ್ನೇ ಒಪ್ಪಿಗೆ ಅಂದುಕೊಂಡರು.

ರಾತ್ರಿ ಊಟದ ಮೇಜಿನ ಮೇಲೆ
ನನ್ನ ಹೈಸ್ಕೂಲಿನ ಅಟ್ಲಾಸು.
ಅದರಲ್ಲಿ ಇನ್ನೂ ಯುಗೊಸ್ಲಾವಿಯಾ ಇತ್ತು.
"ಅಮ್ಮಾ, ಈ ದೇಶ ಸತ್ತೋಗಿದೆ" ಅಂದ ನಿಶ್ಚಲ,
ಹದಿಮೂರು, ಮೀಸೆಯ ಜಾಗದಲ್ಲಿ ಹೊಗೆ.
ಅವನಿಗೆ ಬಾರ್ಸಿಲೋನದ ಫುಟ್ಬಾಲ್ ಮೈದಾನ ಸಾಕು,
ಆಟ ಇಲ್ಲದಿದ್ದರೂ ಸರಿ,
ಹುಲ್ಲು ಮುಟ್ಟಿ ಬರುತ್ತಾನಂತೆ.

ಇವರಿಗೆ ಹಾಲೆಂಡು.
ಹೂವು ನೋಡೋಕಲ್ಲ, ಹೂವು ಮಾರೋದನ್ನ ನೋಡೋಕೆ.
"ನಮ್ಮಲ್ಲಿ ಕೂಗಿದಂಗೆಲ್ಲ ದರ ಏರುತ್ತೆ,
ಅಲ್ಲಿ ಗಡಿಯಾರ ಇಳಿಯುತ್ತೆ ಕಣೆ, ಮೇಲಿಂದ ಕೆಳಕ್ಕೆ.
ಎಲ್ಲಾ ಸುಮ್ಮನೆ ಕೂತಿರ್ತಾರೆ.
ತಡೀಲಾರದೆ ಮೊದಲು ಗುಂಡಿ ಒತ್ತಿದವನದು ಹೂವು."
ಹೇಳುವಾಗ ಆ ನಲವತ್ತಾರರ ಮುಖ
ಹೊಸ ಸೈಕಲ್ಲಿನ ಗಂಟೆ ಬಾರಿಸುವ ಹುಡುಗನದು.

ನನ್ನನ್ನು ಕೇಳಿದರು, ಮೂರನೇ ದಿನ.
ರೈಲು ಅಂದೆ.
ಯಾವ ಊರಿಗಾದರೂ ಹೋಗಲಿ, ಕಿಟಕಿ ದೊಡ್ಡದಿರಲಿ,
ಬುತ್ತಿ ಬಿಚ್ಚಿ ಹಂಚುವ ಕೆಲಸ ಇರಬಾರದು.
ಎಲ್ಲರೂ ನಕ್ಕರು.
ನಾನು ತಮಾಷೆ ಮಾಡಿರಲಿಲ್ಲ.

ಬಿ.ಬಿ. ರಸ್ತೆಯ ಟ್ರಾವೆಲ್ಸ್‌ನವನು ಬಣ್ಣದ ಕಾಗದ ಕೊಟ್ಟ:
ಹನ್ನೊಂದು ದಿನ, ಒಂಬತ್ತು ದೇಶ,
ರಾತ್ರಿ ಅನ್ನ ಸಾರು ಗ್ಯಾರಂಟಿ.
ನಿಶ್ಚಲ ಲೆಕ್ಕ ಹಾಕಿದ:
ಒಂದು ದೇಶಕ್ಕೆ ಒಂದು ಸಲ ಉಚ್ಚೆ.
ಅಲ್ಲಿ ವಸಂತ ಎಂದರೆ ಕೋಟು, ಕೊಡೆ, ಹತ್ತು ಡಿಗ್ರಿ.
"ಹತ್ತು ಡಿಗ್ರಿ ನಂದಿ ಬೆಟ್ಟದಲ್ಲೇ ಸಿಗುತ್ತಲ್ಲಪ್ಪ,
ನೂರು ರೂಪಾಯಿ ಪೆಟ್ರೋಲು."

ಚಾರ್ವಿ ಮಾತ್ರ
ಹೆಡ್‌ಫೋನಿಂದ ಒಂದು ಕಿವಿಯನ್ನಷ್ಟೇ ಸಾಲ ಕೊಟ್ಟು,
"ನೀವು ಹೋಗಿ ಬನ್ನಿ.
ನಾನು ಗೌರಿಬಿದನೂರಲ್ಲಿ ದೊಡ್ಡಮ್ಮನ ಮನೇಲಿರ್ತೀನಿ."
ಗೌರಿಬಿದನೂರು!
ಏಪ್ರಿಲ್ಲಿನಲ್ಲಿ ನಲ್ಲಿಯ ತಣ್ಣೀರೂ ಕೈ ಸುಡುವ ಊರು.
ಇವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಆಮೇಲೆ ಒಂದು ರಾತ್ರಿ ಕರೆಂಟು ಹೋಯಿತು.
ಮಾಳಿಗೆಯ ಮೇಲೆ ಚಾಪೆ,
ಕಳವಾರ ಬೆಟ್ಟ ಕತ್ತಲಿಗಿಂತ ಒಂದು ಪಟ್ಟು ಕಪ್ಪು,
ಬೀದಿಯ ಹೊಂಗೆಯಿಂದ ಒಣಗಿದೆಲೆಯ ಸದ್ದು.
ಯಾರೂ ಮಾತಾಡಲಿಲ್ಲ.
ನಮ್ಮ ನಡುವೆಯೂ ಆ ಗಡಿಯಾರ ಇಳಿಯತೊಡಗಿತ್ತು:
ಬಾರ್ಸಿಲೋನ ಇಳಿಯಿತು, ಹಾಲೆಂಡು ಇಳಿಯಿತು,
ನನ್ನ ರೈಲಿನ ಕಿಟಕಿ ಚಿಕ್ಕದಾಗುತ್ತ ಬಂತು,
ಇನ್ನೇನು ಸೊನ್ನೆ.

ಒತ್ತಿದವಳು ಅವಳು.
"ರಾತ್ರಿ ಹತ್ತಕ್ಕೆ ಒಬ್ಬಳೇ ಒಂದು ಬೀದಿ ನಡೀಬೇಕು.
ನೀನು ಮುನಿನಾರಾಯಣಪ್ಪನ ಮಗಳಲ್ವಾ ಅಂತ
ಯಾರೂ ಗಾಡಿ ನಿಲ್ಲಿಸಬಾರದು.
ಆ ತುದಿವರೆಗೆ, ಅಷ್ಟೇ.
ಐಸ್‌ಕ್ರೀಮ್ ತಗೊಂಡು ವಾಪಸ್ ಬರ್ತೀನಿ."

ಯಾವ ಊರು ಅಂತ ಹೇಳಲಿಲ್ಲ.
ಇವರು ಬಾಯಿ ತೆರೆದರು. ಬಂದದ್ದು ಕೆಮ್ಮು.
ನನಗೆ ನಲವತ್ತೆರಡು.
ಬಜಾರ್ ರಸ್ತೆಯ ಒಂದೊಂದು ಅಂಗಡಿಯ ಬಾಕಿಯೂ ಗೊತ್ತು.
ಷಟರು ಎಳೆದ ಮೇಲೆ ಆ ರಸ್ತೆ ಎಷ್ಟು ಅಗಲ,
ನಾನೂ ನೋಡಿಲ್ಲ.

ಈಗ ಒಂದೇ ಊರು, ಎಂಟು ರಾತ್ರಿ.
ಹಾರ್ಲೆಮ್ ಅಂತೆ, ಅಟ್ಲಾಸಿನಲ್ಲಿ ಚುಕ್ಕೆಯೂ ಇಲ್ಲ.
ಹೂವಿನ ಹರಾಜು ಹತ್ತಿರ,
ರೈಲು ಹತ್ತಿ ಇಳಿಯಬಹುದು ದಿನಕ್ಕೆ ನಾಲ್ಕು ಸಲ,
ಹುಲ್ಲು ಅಲ್ಲೂ ಇದೆಯೆಂದು ನಿಶ್ಚಲನಿಗೆ ಸಮಾಧಾನ ಹೇಳಿದ್ದೇವೆ,
ಅವನು ಇನ್ನೂ ಸಮಾಧಾನ ಆಗಿಲ್ಲ.
ಕಾಲುವೆಯ ಪಕ್ಕ ಎರಡು ಕೋಣೆಯ ಮನೆ.
ಎರಡು ಬೀಗದಕೈ ಕೊಡುತ್ತಾರಂತೆ.

ವೀಸಾಕ್ಕೆ ಫೋಟೋ ತೆಗೆಸಿದೆವು.
ಕಿವಿ ಕಾಣಬೇಕು, ನಗಬಾರದು ಎಂದ ಸ್ಟುಡಿಯೋದವನು.
ಮಕ್ಕಳಿಗೆ ಅದು ಸಲೀಸಾಗಿ ಬಂತು.
ಇವರಿಗೇ ಮೂರು ಸಲ ಹೇಳಬೇಕಾಯಿತು.

ಒಂದು ಬೀಗದಕೈ ಇವರ ಜೇಬಿಗೆ, ಅದು ಮಾತಿಲ್ಲದೆ ತೀರ್ಮಾನ.
ಇನ್ನೊಂದರ ಸುದ್ದಿಯನ್ನು ಯಾರೂ ಎತ್ತುತ್ತಿಲ್ಲ.
ಊಟಕ್ಕೆ ಕೂತಾಗ ನಾಲ್ಕು ಚಮಚಗಳ ಸದ್ದು,
ಗಡಿಯಾರ ಇಳಿಯುತ್ತಿದೆ.
ಚಾರ್ವಿ ನನ್ನನ್ನೇ ನೋಡುತ್ತಾಳೆ.
ನನ್ನ ಬೆರಳು ಗುಂಡಿಯ ಮೇಲಿದೆ.