ಹೊಟ್ಟೆಗೆ ಹಾಕಿಕೊಂಡದ್ದು

ಮೂರನೆಯ ಸಲವೂ ನಳಿಗೆ ಇಳಿಸಿ ನೋಡಿ
ಕುತಾಯಿಸಿಯ ಡಾಕ್ಟರು
ಕನ್ನಡಕ ಒರೆಸುತ್ತ ಕೂತರು:
'ಹಾಗೇ ಇದೆ, ಜುಂಬೆರ್.'

ಎರಡು ಕೋರ್ಸು ಮಾತ್ರೆ,
ಅತ್ತಿಗೆ ತಂದ ಮುಳ್ಳುಹಣ್ಣಿನ ಎಣ್ಣೆ,
ಬರಿಹೊಟ್ಟೆಗೆ ಆಲೂಗಡ್ಡೆ ರಸ,
ಎಲ್ಲವನ್ನೂ ಉಂಡ ಹುಣ್ಣು
ನಸುಕಿನ ಮೂರಕ್ಕೆ ಎಬ್ಬಿಸುತ್ತದೆ
ಹಸಿದ ಕೂಸಿನ ಹಾಗೆ.
ಎದ್ದು ಒಣರೊಟ್ಟಿ ನೆನೆಸಿ ಕೊಡುತ್ತೇನೆ.

ಶನಿವಾರ ನಾತೆಲಾಳ ಮದುವೆ.
ಹಾರೈಸುವ ಹಿರಿಯ ನಾನೇ; ಕೈಯಲ್ಲಿ ಕೊಂಬಿನ ಬಟ್ಟಲು.
ತುಂಬಿದ್ದನ್ನು ಕೆಳಗಿಡುವಂತಿಲ್ಲ,
ಕೊಂಬಿಗೆ ತಳವಿಲ್ಲ.
ಅವರದರಲ್ಲಿ ವೈನು, ನನ್ನದರಲ್ಲಿ ಬಿಸಿನೀರು.
ಗೊತ್ತು ಎಲ್ಲರಿಗೂ.
ಯಾರೂ ಬಗ್ಗಿ ನೋಡಲಿಲ್ಲ.

ಸತ್ತವರಿಗೆ ಹಾರೈಸಿದೆ, ಹುಟ್ಟಲಿರುವವರಿಗೆ,
ಕೊನೆಗೆ ಮೆಲ್ಲಗೆ ಹೊಟ್ಟೆಗೆ:
ಅರವತ್ತು ವರ್ಷ
ಊರವರ ತಪ್ಪೆಲ್ಲ ನಿನ್ನಲ್ಲೇ ಹಾಕಿಕೊಂಡೆ.
ಈಗ ನಿನ್ನದನ್ನು
ಎಲ್ಲಿ ಹಾಕಿಕೊಳ್ಳಲಿ?